ಗಾದಿ ಬಿಚ್ಚಿದ ಸುದ್ದಿ

ಅಕ್ಕಾ,

ಇವತ್ತು ಶುಕ್ರವಾರ, ಹತ್ತಿ ಹಿಂಜುವ ಮಷಿನ್ ಬಂದ್ ಇಟ್ಟಿದ್ದೇವೆ. ಇವರು ಟೆಂಪೋ ತೊಳೆಯಲು ಕಾಲುವೆ ಕಡೆ ಹೋಗಿದ್ದಾರೆ. ನಿನ್ನ ಮಗಳು ನಜ್ಮಾ ಶಾಲೆಗೆ ಹೋಗಿದ್ದಾಳೆ. ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಒಳಗೆ ಗಾದಿಗಳ ಮಧ್ಯೆ ಕುಳಿತು ಬರೆಯುತ್ತಿದ್ದೇನೆ. ಪೆನ್ನು ಹಿಡಿದ ಮೇಲೂ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬಂದೆ. ಮಾಡಿದ್ದೆ. ಕುಳಿತ ಮೇಲೆ, ನಜ್ಮಾ ನೀರಿನ ಬಾಟಲಿ ಒಯ್ದಳೋ ಇಲ್ಲವೋ ಎಂದು ಮತ್ತೆ ಎದ್ದೆ. ಒಯ್ದಿದ್ದಳು. ನಿನಗೆ ಗೊತ್ತಲ್ಲ ನನ್ನ ಜೀವ. ನನ್ನ ಅಕ್ಷರ ನೋಡಿ ಕೆಂಪು ಪೆನ್ನು ತೆಗೆಯಬೇಡ. ಒತ್ತಕ್ಷರ ಎಲ್ಲಾದರೂ ತಪ್ಪಿದರೆ... ಇನ್ನು ಯಾರು ತಿದ್ದುತ್ತಾರೆ?

ನಿನ್ನನ್ನು ಬಳ್ಳಾರಿಯ ಆಸ್ಪತ್ರೆಯಿಂದ ಸಿರುಗುಪ್ಪಕ್ಕೆ ತಂದ ದಿನ, ಓಣಿಯ ಹೆಂಗಸರೆಲ್ಲ ಅಳುತ್ತಿದ್ದಾಗ ನಾನು ಡ್ರಮ್ಮಿನಲ್ಲಿ ನೀರು ಎಷ್ಟಿದೆ ಎಂದು ಇಣುಕಿ ನೋಡುತ್ತಿದ್ದೆ. ಬಂದವರಿಗೆ ಚಹಾ ಸಾಲುತ್ತದೋ ಇಲ್ಲವೋ ಎಂಬುದು ನನ್ನ ಚಿಂತೆಯಾಗಿತ್ತು. ನಲವತ್ತನೇ ದಿನದ ಚಾಲೀಸದ ಫಾತಿಹಾಕ್ಕೂ ಹಾಗೆಯೇ, ತಟ್ಟೆ ಸಾಲುತ್ತವೋ ಇಲ್ಲವೋ. ಈಕೆಗೆ ಕಣ್ಣೀರಿಲ್ಲ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಸುಳ್ಳಲ್ಲ. ಮೈಕೆಳಗೆ ಸಿಕ್ಕ ಕೈಗೆ ಜೋಮು ಹಿಡಿಯುತ್ತದೆ ನೋಡು, ನನ್ನದೇ ಕೈ, ಮುಟ್ಟಿದರೆ ಇನ್ನೊಬ್ಬರದು ಅನ್ನಿಸುತ್ತದೆ. ಹಾಗೆ ಇದ್ದೇನೆ. ಜೋಮು ಬಿಡುವಾಗ ನೋಯುತ್ತದಂತೆ. ಇನ್ನೂ ನೋಯುತ್ತಿಲ್ಲ.

ಸಿರುಗುಪ್ಪದ ನಿನ್ನ ಮನೆಯ ಭಾನುವಾರಗಳು ಬಹಳ ನೆನಪಾಗುತ್ತವೆ. ನೀನು ತಲೆಗೆ ನೀರು ಹಾಕಿಕೊಂಡು, ಕೂದಲಿಗೆ ಟವೆಲ್ ಸುತ್ತಿಕೊಂಡು, ನೆಲದ ಮೇಲೆ ಕಾಲು ಚಾಚಿ ಕುಳಿತು ರಾರಾವಿ ಶಾಲೆಯ ಪಾಠಯೋಜನೆ ಬರೆಯುತ್ತಿದ್ದೆ. ನಾಲ್ಕು, ಐದನೇ ತರಗತಿಗೆ ನೀನು ಕಲಿಸುತ್ತಿದ್ದ ಕನ್ನಡ. ಬರೆಯುತ್ತ ಬರೆಯುತ್ತ ನನಗೆ ಓದಿ ಹೇಳುತ್ತಿದ್ದೆ. ಮಗು ಓದಿದ ಕಥೆಯನ್ನು ಸ್ವಂತ ಮಾತಿನಲ್ಲಿ ಹೇಳಬೇಕು. ಕಥೆಯಲ್ಲಿ ಬರುವವರು ಹಾಗೇಕೆ ಮಾಡಿದರು ಎಂದು ಯೋಚಿಸಿ ಕಾರಣ ಕೊಡಬೇಕು. ಕಣ್ಣಾರೆ ಕಂಡ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ವಿವರಿಸಬೇಕು. ನಿಲ್ಲಿಸಬೇಕಾದ ಕಡೆ ನಿಲ್ಲಿಸಿ ಓದಬೇಕು. ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಸೂಚನೆ ಬರೆಯಬೇಕು. ನಾನು ಅವರೆಕಾಯಿ ಬಿಡಿಸುತ್ತ ಕೇಳಿದ್ದೆ, "ಇಷ್ಟಾ? ಇದನ್ನ ಕಲಿಯಾಕ ಸಾಲಿಗೆ ಹೋಗಬೇಕೇನಕ್ಕ? ಬಸ್‌ಸ್ಟ್ಯಾಂಡಿನಾಗ ಎಲ್ಲಾರೂ ಇದನ್ನಾ ಮಾಡ್ತಾರ." ನೀನು ನಕ್ಕಿದ್ದೆ. "ಬಸ್‌ಸ್ಟ್ಯಾಂಡಿನಾಗ ಮಾಡೋದನ್ನ ಸಾಲ್ಯಾಗ ಮಾಡು ಅಂದ್ರ ಹುಡುಗರಿಗೆ ಬಾಯಿ ಕಟ್ಟತೈತಿ ಲೇ ಹುಸೇನಿ. ಅದಾ ತ್ರಾಸು." ಆಗ ಆ ಮಾತು ನನ್ನ ತಲೆಯೊಳಗೆ ಇಳಿಯಲೇ ಇಲ್ಲ.

ಹೇಗೆ ಇಳಿದೀತು? ಅಪ್ಪ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಹೊರಟಾಗ ನಿನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟರು, ಸಣ್ಣವಳು ಎಂದು ನನ್ನನ್ನು ಜೊತೆಗೆ ಕರೆದೊಯ್ದರು. ಮದುವೆಯ ದಿನಗಳಲ್ಲಿ ಕೊಳಗಲ್ಲು, ಸುಗ್ಗಿ ಮುಗಿದ ಮೇಲೆ ಹೊಳೆಸಾಲಿನ ಹಳ್ಳಿಗಳು. ಒಂದು ಊರಿನ ಶಾಲೆಯಲ್ಲಿ ಪಾಠದ ಅರ್ಧ, ಇನ್ನೊಂದು ಊರಿಗೆ ಹೋಗುವಷ್ಟರಲ್ಲಿ ಅಲ್ಲಿಯವರು ಅದನ್ನು ಮುಗಿಸಿಯಾಗಿರುತ್ತಿತ್ತು. ಎಷ್ಟೋ ಕಥೆಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಏಳನೇತ್ತಿಗೆ ಆ ಶಾಲೆಯೂ ನಿಂತಿತು. ಯಾರ ಮೇಲೂ ದೂರಿಲ್ಲ. ಆದರೆ ನಿನ್ನ ಮಗಳು ಪುಸ್ತಕದ ಚೀಲ ಹೊತ್ತುಕೊಂಡು ಕುರುಗೋಡಿನ ನನ್ನ ಮನೆಯ ಬಾಗಿಲಿಗೆ ಬಂದು ನಿಂತಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಹೆದರಿಕೆ. ಇವಳಿಗೆ ಹೇಳಿಕೊಡಲು ನನ್ನ ಹತ್ತಿರ ಏನಿದೆ?

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಅವಳ ಟೀಚರು ಗಿರಿಜಾ ಮೇಡಂ ನನ್ನನ್ನು ಕರೆಸಿದರು. ಒಳ್ಳೆಯವರು, ಕೂರಲು ಕುರ್ಚಿ ಕೊಟ್ಟರು. ನಜ್ಮಾ ಎಲ್ಲವನ್ನೂ ಬರೆಯುತ್ತಾಳೆ, ಅಕ್ಷರ ಮುತ್ತಿನ ಹಾಗಿದೆ, ಬೋರ್ಡಿನ ಮೇಲಿದ್ದುದನ್ನು ತಪ್ಪಿಲ್ಲದೆ ಇಳಿಸಿಕೊಳ್ಳುತ್ತಾಳೆ ಎಂದರು. ಆದರೆ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಗಟ್ಟಿಯಾಗಿ ಓದು ಎಂದರೆ ಎದ್ದು ನಿಲ್ಲುತ್ತಾಳೆ, ಪುಸ್ತಕ ಹಿಡಿಯುತ್ತಾಳೆ, ಅಷ್ಟೇ. ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದರು, ಐದನೇತ್ತಿನ ಮಕ್ಕಳು ಕನ್ನಡದಲ್ಲಿ ಏನೇನು ಮಾಡಬೇಕು ಎಂದು. ನಾನು ನಿಧಾನಕ್ಕೆ ಒಂದೊಂದೇ ಸಾಲು ಓದಿದೆ. ನಿನ್ನ ಭಾನುವಾರದ ಮಾತುಗಳು, ಅಕ್ಕ. ಒಂದೊಂದೂ ಅವೇ. ನಿನ್ನ ಧ್ವನಿ ಕೇಳಿಸಬೇಕಿತ್ತು. ಕೇಳಿಸಲಿಲ್ಲ. ಚಾರ್ಟಿನ ಒಂದು ಮೂಲೆ ಕಿತ್ತಿದೆ, ಗಾಳಿಗೆ ಹರಿದೀತು ಎಂದು ಮಾತ್ರ ಅನ್ನಿಸಿತು.

ಭಾವ ಪ್ರತಿ ಭಾನುವಾರ ಬಳ್ಳಾರಿಯಿಂದ ಬಾಳೆಹಣ್ಣು ಹಿಡಿದುಕೊಂಡು ಬರುತ್ತಾರೆ. ನೀನು ಹೋದ ಮೇಲೆ ಸಿರುಗುಪ್ಪದ ಮನೆ ಬಿಟ್ಟು, ಸತ್ಯನಾರಾಯಣಪೇಟೆಯಲ್ಲಿ ಒಂದು ರೂಮು ಹಿಡಿದಿದ್ದಾರೆ. ಗೋಡೌನಿನ ಕೆಲಸಕ್ಕೆ ಹತ್ತಿರವಂತೆ. ಮೇಡಂ ಹೇಳಿದ್ದನ್ನು ನಾನೇ ಅವರಿಗೆ ಹೇಳಿದೆ. ಕೈಯಲ್ಲಿದ್ದ ಬಾಳೆಹಣ್ಣು ಕೆಳಗಿಟ್ಟು ಅಂದರು, "ಹುಸೇನಮ್ಮ, ತಪ್ಪು ತಿಳಕೋಬ್ಯಾಡ. ನೀ ಆಕಿನ್ನ ಚಲೋ ನೋಡ್ಕೋತಿ. ಆದ್ರ ಇದು ಓದಿನ ಮನಿ ಅಲ್ಲ. ಬಳ್ಳಾರ್ಯಾಗ ಹಾಸ್ಟೆಲ್ ಇರೋ ಸಾಲಿ ಒಂದು ನೋಡೀನಿ. ಪಾಲಕರ ಸಭಿಗೆ ನಾನಾ ಬಂದು ನೋಡ್ತೀನಿ. ಅವತ್ತೂ ಹಿಂಗಾ ಇದ್ರ ಕರ್ಕೊಂಡು ಹೋಗ್ತೀನಿ." ಆ ಸಭೆಯಲ್ಲಿ ಪ್ರತಿ ಮಗುವೂ ಎದ್ದು ನಿಂತು ಒಂದು ಕಥೆಯನ್ನೋ, ಕಂಡ ಒಂದು ಕೆಲಸವನ್ನೋ ಹೇಳಬೇಕಿತ್ತು. ಭಾವನದು ತಪ್ಪು ಎಂದು ಹೇಗೆ ಅನ್ನಲಿ? ಓದಿನ ಮನೆ ಅಲ್ಲವೇ ಅಲ್ಲ. ಆದರೆ ಹತ್ತಾರು ಮಕ್ಕಳ ಸಾಲಿನಲ್ಲಿ ಆ ಬಾಯಿ ಬಿಡದ ಹುಡುಗಿಯನ್ನು ಮಲಗಿಸಿದರೆ... ಅವಳಿಗೆ ಹಸಿವಾದರೆ ಯಾರಿಗೆ ಹೇಳುತ್ತಾಳೆ? ಜ್ವರ ಬಂದರೆ?

ನಾವಿಬ್ಬರೂ ಸಣ್ಣವರಿದ್ದಾಗ ಮಸೀದಿಯ ಹಜರತ್ತರ ಮುಂದೆ ಕುಳಿತು ಕುರಾನಿನ ಸೂರಾ ಕಲಿತದ್ದು ನೆನಪಿದೆಯಾ? ಅರ್ಥ ಗೊತ್ತಿಲ್ಲ, ಆದರೆ ಒಂದು ಅಕ್ಷರ ಅತ್ತಿತ್ತ ಆಗಬಾರದು. ನಾನು ಪೂರ್ತಿಯಾಗಿ ಕಲಿತದ್ದು ಎಂದರೆ ಅದೊಂದೇ. ಹಾಗಾಗಿ ಕಲಿಸುವುದು ಎಂದರೆ ನನಗೆ ಅದೊಂದೇ ಗೊತ್ತು. ನಜ್ಮಾಳ ಕನ್ನಡ ಪುಸ್ತಕ ತೆಗೆದು, ಬೆರಳಿಟ್ಟು, ಸಾಲು ಸಾಲಾಗಿ ಹಿಡಿದುಕೊಂಡು ಕುಳಿತೆ. ಒಬ್ಬ ಮುದುಕಿಯ ಕಥೆ. ಬಾವಿಯ ಪಕ್ಕದ ಮನೆ, ಉದ್ದನೆಯ ಹಗ್ಗ ಇರುವುದು ಅವಳೊಬ್ಬಳ ಹತ್ತಿರ, ಯಾರು ಕೇಳಿದರೂ ಕೊಡುವುದಿಲ್ಲ. ಮೊದಲನೇ ದಿನ ನಜ್ಮಾ ಪುಸ್ತಕ ನೋಡಿ, ಮುಚ್ಚಿ, ಮೆಲ್ಲಗೆ ಶುರು ಮಾಡಿದಳು. "ಒಬ್ಬಾಕಿ ಮುದುಕಿ ಇದ್ಲು ಸಣ್ಣಮ್ಮ. ಆಕಿ ಹಗ್ಗ ಯಾರಿಗೂ ಕೊಡ್ತಿದ್ದಿಲ್ಲ. ಅದು ಆಕಿ ಗಂಡ ಹೊಸೆದಿದ್ದು ಇರಬೇಕು, ಸತ್ತೋಗ್ಯಾನ, ಅದಕ್ಕ..." ನಾನು ಪುಸ್ತಕ ನೋಡಿದೆ. ಗಂಡನ ಮಾತು ಎಲ್ಲೂ ಇಲ್ಲ. "ಪುಸ್ತಕದಾಗ ಹಂಗಿಲ್ಲವ್ವ," ಅಂದೆ. "ಇದ್ದಂಗ ಹೇಳು." ಆಮೇಲೆ ಅವಳು ಇದ್ದ ಹಾಗೇ ಹೇಳಿದಳು. ನಾನು ರೊಟ್ಟಿ ಬಡಿಯುವಾಗ, ಗಾದಿ ಹೊಲಿಯುವಾಗ, ಬಟ್ಟೆ ಒಣಹಾಕುವಾಗ ಹೇಳಿಸಿದೆ. ಒಂದು ಅಕ್ಷರ ಅತ್ತಿತ್ತ ಆಗಲಿಲ್ಲ. ಅಲ್ಲಾ, ಮಗು ಗೆದ್ದಿತು ಎಂದುಕೊಂಡೆ.

ಅವಳನ್ನು ಮೇಡಂ ಹತ್ತಿರ ನಾನೇ ಕರೆದುಕೊಂಡು ಹೋದೆ. ಮಕ್ಕಳೆಲ್ಲ ಆಟಕ್ಕೆ ಹೋಗಿದ್ದರು. ನಜ್ಮಾ ಕಣ್ಣು ಮುಚ್ಚಿಕೊಂಡು ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳು. ಅಷ್ಟು ದಿನಗಳ ಮೇಲೆ ಶಾಲೆಯೊಳಗೆ ಅವಳ ಧ್ವನಿ. ಮೇಡಂ ಬೆನ್ನು ತಟ್ಟಿ, "ಚಲೋ ಹೇಳಿದಿ. ಈಗ ಹೇಳು, ಆ ಮುದುಕಿ ಹಗ್ಗ ಯಾಕ ಕೊಡಲಿಲ್ಲ?" ಎಂದು ಕೇಳಿದರು. ನಜ್ಮಾ ನನ್ನ ಮುಖ ನೋಡಿದಳು. ಮತ್ತೆ ನೆಲ ನೋಡಿದಳು. ಅಷ್ಟೇ, ಬಾಯಿ ಮುಚ್ಚಿತು. ಆಮೇಲೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, ಪುಸ್ತಕದ ಮಾತು ಬೇಡವಮ್ಮ, ಅವಳ ಮಾತು ಬೇಕು, ನಿಮ್ಮ ಮನೆಯಲ್ಲಿ ಆಡುವ ಮಾತಾದರೂ ನಡೆಯುತ್ತದೆ, ತಪ್ಪಾದರೂ ನಡೆಯುತ್ತದೆ ಎಂದು. ನಾನು ಹೂಂ ಅಂದೆ. ಗುಡ್ಡದ ನೆರಳಿನಲ್ಲಿ ನಡೆದು ಮನೆಗೆ ಬಂದೆವು. ಅವಳ ಮಾತನ್ನು ನಾನೇ ತಡೆದಿದ್ದೆನಲ್ಲ. ಆದರೆ ಎದೆಯಲ್ಲಿ ಏನೂ ಕದಲಲಿಲ್ಲ. ದಾರಿಯಲ್ಲಿ ಕೊತ್ತಂಬರಿ ಕೊಂಡೆ.

ನಿನ್ನ ಮದುವೆಗೆ ಅಪ್ಪ ಮಾಡಿಕೊಟ್ಟ ಗಾದಿ ಈಗ ನನ್ನ ಮನೆಯಲ್ಲಿದೆ ಎಂದು ಹೇಳುವುದನ್ನೇ ಮರೆತೆ. ತೀರಿಹೋದವರ ಹಾಸಿಗೆಯನ್ನು ಬಡವರಿಗೆ ಕೊಟ್ಟುಬಿಡುವುದು ನಮ್ಮ ಮನೆಯ ರೂಢಿ, ಆದರೆ ನಜ್ಮಾ ಅದಿಲ್ಲದೆ ಮಲಗಲಿಲ್ಲ, ಹಾಗಾಗಿ ಭಾವ ಅವಳ ಸಾಮಾನಿನ ಜೊತೆ ಅದನ್ನೂ ತಂದಿಟ್ಟರು. ಜವಾರಿ ಹತ್ತಿ, ಅಪ್ಪ ಬಿಲ್ಲಿನಲ್ಲಿ ಹಿಂಜಿದ್ದು. ಹತ್ತಿ ಗಂಟು ಕಟ್ಟಿದೆ, ಬಿಚ್ಚಿ ಹಿಂಜಿ ಕೊಡುತ್ತೇವೆ ಎಂದು ನಾವು ಎಷ್ಟು ಸಲ ಹೇಳಿದರೂ ನಿನಗೆ ಬಿಡುವೇ ಆಗಲಿಲ್ಲ. ರಜೆ ಬರಲಿ, ರಜೆ ಬರಲಿ... ನೀನು ಮಲಗುತ್ತಿದ್ದ ಕಡೆ ಒಂದು ತಗ್ಗು ಬಿದ್ದಿತ್ತು. ಹೆಗಲು, ಸೊಂಟ ಎಲ್ಲ ಗುರುತು ಹಿಡಿಯಬಹುದಿತ್ತು. ಮಗು ಆ ತಗ್ಗಿನಲ್ಲೇ ಮೊಣಕಾಲು ಮಡಚಿ ಮಲಗುತ್ತಿತ್ತು. ಊರ ಜನರ ಗಾದಿ ಬಿಚ್ಚಿ ಬದುಕುವವಳು ನಾನು, ಆ ಗಾದಿಗೆ ಮಾತ್ರ ಕೈ ಹಚ್ಚಲಿಲ್ಲ.

ಸಭೆಗೆ ಇನ್ನು ಕೆಲವೇ ದಿನ ಇದ್ದಾಗ, ಒಂದು ಬೆಳಿಗ್ಗೆ ನಜ್ಮಾ ಎಂದಿಗಿಂತ ಮೊದಲೇ ಎದ್ದು ಗೋಡೆಗೆ ಒರಗಿ ನಿಂತಿದ್ದಳು. ಚಾದರವನ್ನು ಗಾದಿಯ ಮೇಲೆ ಎಳೆದು ಎಳೆದು ಮುಚ್ಚಿದ್ದಳು. ಹತ್ತಿರ ಹೋದರೆ ವಾಸನೆ. ನಾನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಹಸಿ ಹತ್ತಿ ಒಳಗೆ ಉಳಿದರೆ ಕೊಳೆಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ ಬಂದದ್ದು. ಕಸುಬಿನ ಬುದ್ಧಿ. "ಬಿಚ್ಚಬೇಕಾಗತೈತಿ ನಜ್ಮಾ," ಅಂದೆ. ಅವಳು ಚಾದರದ ತುದಿ ಎತ್ತಿ ನೋಡಿದಳು. ಆಮೇಲೆ ಕೇಳಿದಳು, "ಅಮ್ಮನ ತಗ್ಗು ಹೋಗತೈತೇನ ಸಣ್ಣಮ್ಮ?"

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ನೀನಾಗಿದ್ದರೆ ಏನು ಹೇಳುತ್ತಿದ್ದೆ? "ಹೋಗತೈತಿ," ಅಂದೆ. ಅವಳು ಗೋಣು ಹಾಕಿದಳು. ಭಾನುವಾರವಾದ್ದರಿಂದ ಶಾಲೆ ಇರಲಿಲ್ಲ, ಭಾವನಿಗೆ ಗೋಡೌನಿನಲ್ಲಿ ಲೋಡು ಬಂದು ಅವರೂ ಬರಲಿಲ್ಲ. ಇಬ್ಬರೂ ಗಾದಿಯನ್ನು ಮಾಳಿಗೆಗೆ ಎಳೆದುಕೊಂಡು ಹೋದೆವು. ನಾನು ಕತ್ತರಿ ತೆಗೆದಾಗ ಅವಳು ನನ್ನ ಕೈ ಹಿಡಿದಳು. ಕತ್ತರಿಯಿಂದ ಅಲ್ಲ, ಗಂಟು ಬಿಚ್ಚಿ ದಾರ ಎಳೆದರೆ ಬಟ್ಟೆ ಉಳಿಯುತ್ತದೆ ಎಂದು ತೋರಿಸಿದೆ. ಅಪ್ಪನ ಹೊಲಿಗೆ. ಒಂದೊಂದೇ ಎಳೆದಳು. ಹಸಿಯಾದ ಹತ್ತಿಯನ್ನು ಬೇರೆ ತೆಗೆದಿಟ್ಟೆ. ಉಳಿದದ್ದನ್ನು ಬಿಸಿಲಿಗೆ ಹರವಿ, ಬಡಿಗೆಯಿಂದ ಬಡಿದೆವು. ಎಷ್ಟು ಧೂಳು ಎದ್ದಿತು ಅಕ್ಕ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವಳು ಬಡಿಯುತ್ತಲೇ ಇದ್ದಳು, ಸಾಕು ಎಂದರೂ ಬಿಡಲಿಲ್ಲ. ಮಧ್ಯಾಹ್ನ ಕೆಳಗೆ ತಂದು ಮಷಿನ್ನಿಗೆ ಹಾಕಿದೆವು. ಗಂಟುಗಂಟಾಗಿ ಒಳಗೆ ಹೋದದ್ದು ಆ ಕಡೆಯಿಂದ ಹೊಗೆಯ ಹಾಗೆ ಬಂತು. ಅವಳು ತಲೆಯ ತುಂಬ ಹತ್ತಿ ಮೆತ್ತಿಕೊಂಡು ಕೇಳಿದಳು, "ಇದು ಅಮ್ಮನ ಹತ್ತೀನಾ ಹೌದಲ್ಲ? ಬ್ಯಾರೆ ಕೂಡಿಲ್ಲಲ್ಲ?" ಕೂಡಿಲ್ಲ ಎಂದೆ.

ತುಂಬಿ, ಬಾಯಿ ಹೊಲಿದು, ದಬ್ಬಣದಿಂದ ಅಲ್ಲಲ್ಲಿ ಗಂಟು ಹಾಕುವಾಗ ಅವಳು ಈ ಕಡೆ, ನಾನು ಆ ಕಡೆ. ದಬ್ಬಣ ಚುಚ್ಚಿ ಕಳಿಸುತ್ತಿದ್ದೆ, ಅವಳು ಎಳೆದು ಮರಳಿ ಕಳಿಸುತ್ತಿದ್ದಳು. ಅವಳ ಬೆರಳಿಗೆ ಚುಚ್ಚೀತು ಎಂದು ನನಗೆ ಅದೇ ಧ್ಯಾನ. ಆಗ ನಾನು ಕೇಳದೆಯೇ ಅವಳು ಮಾತಾಡಿದಳು. "ಆ ಮುದುಕಿ ಹಗ್ಗ ಕೊಟ್ಟಿದ್ರ ಎಲ್ಲಾರೂ ಎಳದೆಳದು ಸವಸ್ತಿದ್ರು. ಅದಕ್ಕ ಕೊಡಲಿಲ್ಲ. ಆಕಿ ಗಂಡ ಹೊಸೆದಿದ್ದು ಅದು. ಪುಸ್ತಕದಾಗ ಇಲ್ಲ, ಗೊತ್ತೈತಿ. ಆದ್ರ ಹಂಗಾ ಇರಬೇಕು." ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. "ಹಂಗಾ ಇರಬೇಕು ಬಿಡು," ಅಂದೆ. ಅವಳು ದಬ್ಬಣ ಕಳಿಸಿದಳು.

ಸಭೆಯ ಶನಿವಾರ ಭಾವ ರಜೆ ಹಾಕಿ ಬಂದಿದ್ದರು. ಕುರ್ಚಿ ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತರು. ಒಬ್ಬಳು ಇಡ್ಲಿ ಮಾಡುವುದನ್ನು ಹೇಳಿದಳು, ಒಬ್ಬ ಟ್ರ್ಯಾಕ್ಟರಿಗೆ ಪಂಕ್ಚರ್ ಹಾಕುವುದನ್ನು ಹೇಳಿದ. ನಜ್ಮಾಳ ಹೆಸರು ಕರೆದಾಗ ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡೆ. ಅವಳು ಎದ್ದು ನಿಂತಳು. ಪುಸ್ತಕ ತೆಗೆದುಕೊಳ್ಳಲಿಲ್ಲ. "ಹಳೇ ಗಾದಿ ಹೊಸದು ಮಾಡೋದು," ಅಂದಳು. ಮೊದಲು ದಾರ, ಆಮೇಲೆ ಬಿಸಿಲು, ಆಮೇಲೆ ಬಡಿಗೆ, ಆಮೇಲೆ ಮಷಿನ್, ಆಮೇಲೆ ದಬ್ಬಣ. ನಮ್ಮ ಮನೆಯ ಮಾತಿನಲ್ಲೇ ಹೇಳಿದಳು. ಧ್ವನಿ ಸಣ್ಣದಿತ್ತು, ಆದರೆ ಬಾಗಿಲ ತನಕ ಬರುತ್ತಿತ್ತು.

ಮೇಡಂ ಕೇಳಿದರು, "ಆ ಗಾದಿ ಯಾಕ ಬಿಚ್ಚಿದ್ರಿ?" ಮತ್ತೆ ಅದೇ ಯಾಕೆ. ನಜ್ಮಾ ಈ ಸಲ ನನ್ನ ಮುಖ ನೋಡಲಿಲ್ಲ. "ನಾನು ಅದರ ಮ್ಯಾಲೆ ಉಚ್ಚಿ ಹೊಯ್ಕೊಂಡಿದ್ನಿರಿ." ಮಕ್ಕಳೆಲ್ಲ ನಕ್ಕರು. ಹಿಂದಿನ ಬೆಂಚಿನಿಂದ ಯಾರೋ, "ಏ, ಈಕಿನ್ನ ಅಂಗನವಾಡಿಗೆ ಕಳಸ್ರಿ," ಅಂದರು. ಮೇಡಂ ಗದರಿಸಲು ಬಾಯಿ ತೆಗೆದರು. ನಜ್ಮಾ ಮಾತ್ರ ನಿಂತಲ್ಲೇ ಆ ನಗು ಮುಗಿಯುವ ತನಕ ಕಾದಳು. ಸಾಲು ಮುಗಿದಲ್ಲಿ ನಿಲ್ಲಬೇಕು ಎಂದು ನೀನು ಕಲಿಸಿದ್ದೆಯಲ್ಲ, ಹಾಗೆ. ಆಮೇಲೆ ಹೇಳಿದಳು, "ಅದು ನಮ್ಮಮ್ಮನ ಗಾದಿರಿ. ಅಮ್ಮ ಮಲಗೋ ಕಡೆ ತಗ್ಗಿತ್ತು, ನಾನು ಅದರಾಗ ಮಲಗತಿದ್ದೆ. ಈಗ ತಗ್ಗಿಲ್ಲರಿ. ಹತ್ತಿ ಅದಾ ಐತಿ."

ಯಾರೂ ನಗಲಿಲ್ಲ. ನಾನು ಹಿಂತಿರುಗಿ ನೋಡಿದರೆ ಬಾಗಿಲ ಹತ್ತಿರ ಭಾವ ಇರಲಿಲ್ಲ. ಹೊರಗೆ ನಲ್ಲಿಯ ಕೆಳಗೆ ಮುಖ ಇಟ್ಟುಕೊಂಡಿದ್ದರು.

ಮನೆಗೆ ಬಂದು ಊಟ ಮಾಡಿ, ಆ ಗಾದಿ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಅಂಗಿ ಬಿಚ್ಚದೆ ಹಾಗೆಯೇ ಮಲಗಿ, ಮಧ್ಯಾಹ್ನದ ನಮಾಜಿಗೂ ಏಳದೆ ಸಂಜೆಯ ತನಕ ನಿದ್ದೆ ಮಾಡಿದರು. ಎದ್ದ ಮೇಲೆ ಹಾಸ್ಟೆಲ್ಲಿನ ಮಾತು ಬರುತ್ತದೆ ಎಂದು ನಾನು ಚಹಾದ ಲೋಟ ಹಿಡಿದು ಕಾದೆ. "ಏಳನೇತ್ತು ಮುಗಿಯೋ ತನಕ ಇಲ್ಲೇ ಇರ್ಲಿ," ಅಂದರು. ಅಷ್ಟೇ. ಸಂತೋಷವಾಗಬೇಕಿತ್ತು ನನಗೆ. ಚಹಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂತು.

ಅಕ್ಕ, ಹಿಂಜಿದ ಹತ್ತಿ ಉಬ್ಬುತ್ತದೆ, ನಿನಗೆ ಗೊತ್ತೇ ಇದೆ. ಗಾದಿಯ ಹಳೆಯ ಖೋಳಿನ ಬಟ್ಟೆಯೊಳಗೆ ಹಿಡಿಸದೆ ಸ್ವಲ್ಪ ಉಳಿದಿತ್ತು. ಅದನ್ನು ನಜ್ಮಾ ಎತ್ತಿಟ್ಟಿದ್ದಳು. ನಿನ್ನ ನೀಲಿ ಸೀರೆಯ ತುಂಡಿನಲ್ಲಿ ಒಂದು ಸಣ್ಣ ದಿಂಬು ಹೊಲಿದಿದ್ದಳು, ಒಂದು ಮೂಲೆ ಸೊಟ್ಟ. ಭಾವ ಚಪ್ಪಲಿ ಹಾಕಿಕೊಳ್ಳುವಾಗ ತಂದು ಕೊಟ್ಟಳು. ಅದಕ್ಕೆ ಪಿನ್ನಿನಿಂದ ಒಂದು ಚೀಟಿ ಚುಚ್ಚಿದ್ದಳು. ಭಾವ ಅದನ್ನು ಓದಿ, ಮಡಚದೆ, ಅಂಗಿಯ ಜೇಬಿಗೆ ಹಾಕಿಕೊಂಡರು. ಬಳ್ಳಾರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ದಿಂಬು ತೊಡೆಯ ಮೇಲಿತ್ತು.

ನಜ್ಮಾ ಆರನೇತ್ತಿನಲ್ಲಿ ಏನೇನು ಕಲಿಯಬೇಕು ಎಂದು ಮೇಡಂ ಹತ್ತಿರ ಈಗಲೇ ಕೇಳಿಕೊಂಡು ಬಂದಿದ್ದೇನೆ. ಅವರು ನಕ್ಕರು. ಅರ್ಧಕ್ಕೆ ಬಿಟ್ಟ ಕಥೆಗಳ ಕೊನೆಯನ್ನು ನಜ್ಮಾ ನನಗೆ ಓದಿ ಹೇಳುತ್ತಿದ್ದಾಳೆ, ಕೆಲವು ಕೊನೆಗಳನ್ನು ಅವಳೇ ಮಾಡುತ್ತಾಳೋ ಏನೋ. ಪುಸ್ತಕದಲ್ಲಿ ಹಾಗಿಲ್ಲ ಎಂದು ಇನ್ನು ಮೇಲೆ ಅವಳಿಗೆ ಅನ್ನುವುದಿಲ್ಲ, ಇದು ನಿನಗೆ ಕೊಟ್ಟ ಮಾತು. ನಿನ್ನನ್ನು ಕೇಳದೆ ನಿನ್ನ ಗಾದಿ ಬಿಚ್ಚಿದೆವು, ಅದನ್ನು ಹೇಳಬೇಕಾಗಿತ್ತು.

ಚೀಟಿಯಲ್ಲಿ ಏನಿತ್ತು ಎಂದು ನೀನು ಕೇಳಿಯೇ ಕೇಳುತ್ತೀ. ಚುಚ್ಚುವ ಮೊದಲು ನನಗೆ ತೋರಿಸಿದ್ದಳು, ನಿಧಾನಕ್ಕೆ ಓದಿದೆ. ಕೆಂಪು ಪೆನ್ನಿಗೆ ಕೆಲಸವಿಲ್ಲ, ಒಂದೂ ತಪ್ಪಿಲ್ಲ:

"ಅಪ್ಪಾ, ವಾರಕ್ಕೆ ಒಂದು ಸಲ ಬಿಸಿಲಿಗೆ ಹಾಕಬೇಕು. ಕೈಯಿಂದ ಮೆಲ್ಲಗೆ ತಟ್ಟಬೇಕು. ನೀರು ತಾಗಿಸಬಾರದು. ಅಳು ಬಂದರೆ ಅಳಬಹುದು, ಆಮೇಲೆ ಒಣಗಿಸಬೇಕು."

ನಿನ್ನ,
ಹುಸೇನಿ